ಚದುರಂಗದಲ್ಲಿ ‘ಭಾರತೀಯ ರಕ್ಷಣೆ’ : 1855ರ ಒಂದು ಆಟ

ಚದುರಂಗವು ಭಾರತದಲ್ಲಿ ಹುಟ್ಟಿದ ಆಟವೆಂಬುದು ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಇಂದು ಪಂದ್ಯಗಳಲ್ಲಿ ಆಡುವ ಚದುರಂಗವು ಹೊರದೇಶಗಳನ್ನೆಲ್ಲ ಸುತ್ತಿ, ತನ್ನ ರೂಪವನ್ನು ಬದಲಿಸಿಕೊಂಡು, ನಮ್ಮಲ್ಲಿಗೆ ಮರಳಿ ಬಂದ ಆಟವೆಂಬುದು ಅಷ್ಟಾಗಿ ತಿಳಿದಿಲ್ಲ. ಈ ಕಾರಣದಿಂದಲೇ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಚಿಕ್ಕ ಜಗಳ ನಡೆಯುತ್ತದೆ. ಮೊಮ್ಮಗ ಶಾಲೆಯಲ್ಲಿ ಕಲಿತ ನಿಯಮದಂತೆ ಕಾಲಾಳನ್ನು ಮೊದಲ ನಡೆಯಲ್ಲಿಯೇ ಎರಡು ಮನೆ ಮುಂದಕ್ಕೆ ದೂಡುತ್ತಾನೆ. ಮುತ್ಯಾ ಒಪ್ಪುವುದಿಲ್ಲ, ಪ್ಯಾದೆ ಒಂದೇ ಮನೆ ನಡೆಯಬೇಕೆನ್ನುತ್ತಾನೆ. ಮುಂದೆ ಮುತ್ಯಾ ತನ್ನ ರಾಜನನ್ನು ಕುದುರೆಯ ಹಾಗೆ ಒಮ್ಮೆ ಜಿಗಿಸಿದರೆ ಮೊಮ್ಮಗ ಮಣೆಯನ್ನೇ ಮಗುಚುತ್ತಾನೆ. “ಮುತ್ಯಾ, ನೀ ಮೋಸ ಮಾಡ್ತಿ” ಎಂಬ ಮಾತೂ ಬರುತ್ತದೆ.

ಮುತ್ಯಾ ಮಾಡಿದ್ದು ಮೋಸವಲ್ಲ. ಆತ ಆಡುತ್ತಿರುವುದು ಇದೇ ನೆಲದ ಹಳೆಯ ನಿಯಮ. ಆ ಹಳೆಯ ನಿಯಮದಲ್ಲಿ ಪಳಗಿದ ಒಬ್ಬ ಭಾರತೀಯನ ಆಟದಿಂದಲೇ ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಇಂದಿಗೂ ಆಡುವ ಒಂದು ರಕ್ಷಣಾ ಪದ್ಧತಿಗೆ ‘ಭಾರತೀಯ ರಕ್ಷಣೆ’ ಎಂಬ ಹೆಸರು ಬಂದಿತು. ಆ ಕಥೆಯನ್ನೂ, ಆತನ ಒಂದು ಆಟವನ್ನೂ ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದೆ ಇಡುವುದು ನಮ್ಮ ಉದ್ದೇಶ. ಓದುವಾಗ ಎದುರಿಗೆ ಮಣೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮಣೆ ಇಲ್ಲದಿದ್ದರೆ ತಾಂಡೂರ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ 64 ಮನೆ ಬರೆದರೂ ಸಾಕು.

ಮೊದಲು ಕಾಯಿಗಳ ಹೆಸರು. ಜಹೀರಾಬಾದ್, ನಾರಾಯಣಖೇಡ ಭಾಗಗಳು 1956ರವರೆಗೆ ಬೀದರ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಒಂದೇ ಓಣಿಯಲ್ಲಿ ಕೇಳುವ ನಾಡು ಇದು. ಆದುದರಿಂದ ಒಬ್ಬರು ಮಂತ್ರಿ ಎಂದುದನ್ನು ಇನ್ನೊಬ್ಬರು ವಜೀರ ಎನ್ನುತ್ತಾರೆ, ಕಾಲಾಳು ಪ್ಯಾದೆಯಾಗುತ್ತಾನೆ. ಈ ಲೇಖನದಲ್ಲಿ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದು ಕರೆದಿದ್ದೇವೆ. ಮೂಲೆಯಲ್ಲಿ ನಿಂತು ನೇರವಾಗಿ ನಡೆಯುವುದು ಆನೆ, ಓರೆಯಾಗಿ ನಡೆಯುವುದು ಒಂಟೆ.

ಹಳೆಯ ಭಾರತೀಯ ನಿಯಮಗಳು ಊರಿಂದ ಊರಿಗೆ ಅಷ್ಟಿಷ್ಟು ಬೇರೆಯಾಗಿದ್ದವು. ಆದರೂ ಕೆಲವು ಮಾತುಗಳು ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ. ಕಾಲಾಳು ಯಾವಾಗಲೂ ಒಂದೇ ಮನೆ ನಡೆಯತಕ್ಕದ್ದು. ಕೋಟೆ ಕಟ್ಟುವ ಪದ್ಧತಿ ಇಲ್ಲ. ಅದಕ್ಕೆ ಬದಲಾಗಿ, ಒಮ್ಮೆಯೂ ಶಹ ಬೀಳದ ರಾಜನು ಇಡೀ ಆಟದಲ್ಲಿ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಕೊನೆಯ ಸಾಲು ಮುಟ್ಟಿದ ಕಾಲಾಳು ಆ ಸಾಲಿನಲ್ಲಿ ಮೊದಲು ನಿಂತಿದ್ದ ಕಾಯಿಯಾಗಿ ಏಳುತ್ತದೆ. ಯುರೋಪಿನಲ್ಲಿಯಾದರೋ ಸುಮಾರು 500 ವರ್ಷಗಳ ಹಿಂದೆಯೇ ಆಟವನ್ನು ಚುರುಕುಗೊಳಿಸುವ ಬದಲಾವಣೆಗಳು ನಡೆದವು. ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆಯ ಹಕ್ಕು ಬಂತು. ರಾಜ ಮತ್ತು ಆನೆ ಕೂಡಿ ಕೋಟೆ ಕಟ್ಟುವ ರೂಢಿ ಬಂತು.

ಈ ಒಂದು ಮನೆ, ಎರಡು ಮನೆಯ ಅಂತರ ಬಹಳ ಚಿಕ್ಕದೆಂದು ಕಾಣಬಹುದು. ಆದರೆ ಆಟದ ಸ್ವಭಾವವೇ ಇದರಿಂದ ಬೇರೆಯಾಗುತ್ತದೆ. ಎರಡು ಮನೆ ಹಾರುವ ಕಾಲಾಳುಗಳಿದ್ದರೆ ಎರಡನೆಯ ನಡೆಗೇ ಎರಡು ಸೈನ್ಯಗಳು ಮುಖಾಮುಖಿ ನಿಂತು ಕಡಿದಾಟ ಆರಂಭವಾಗುತ್ತದೆ. ಒಂದೇ ಮನೆ ನಡೆಯುವುದಾದರೆ ನಡುವೆ ಬಯಲು ಬಹಳ ಹೊತ್ತು ಬರಿದಾಗಿರುತ್ತದೆ. ಆಟಗಾರನು ಅವಸರಪಡದೆ ತನ್ನ ಮನೆಯೊಳಗೆ ವ್ಯೂಹವನ್ನು ಕಟ್ಟಿಕೊಳ್ಳುತ್ತಾನೆ: ಕುದುರೆ ಕಾಲಾಳುಗಳ ಹಿಂದೆ, ಒಂಟೆ ಬದಿಯ ಕಿಂಡಿಯಲ್ಲಿ, ರಾಜನು ಮರೆಯಲ್ಲಿ. ಹೊಲಕ್ಕೆ ಬೇಲಿ ಹಾಕಿದ ಮೇಲೆಯೇ ಬಿತ್ತುವ ರೈತನ ಜಾಣತನ ಇದು.

ಈಗ ಕಲಕತ್ತೆಗೆ ಹೋಗೋಣ. ಅದು ಆಗ ಇಂಗ್ಲಿಷರ ರಾಜಧಾನಿ. ಅಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ವಕೀಲರಿದ್ದರು. 1798ರಲ್ಲಿ ಹುಟ್ಟಿದ ಇವರು ಆ ಕಾಲದ ಪ್ರಬಲ ಆಟಗಾರರಲ್ಲಿ ಒಬ್ಬರು. ಇಂದಿಗೂ ಒಂದು ಆರಂಭ ಪದ್ಧತಿ ಅವರ ಹೆಸರಿನಲ್ಲಿದೆ. ಕಲಕತ್ತೆಯಲ್ಲಿ ಅವರಿಗೆ ಸರಿಸಾಟಿಯಾಗಿ ಆಡುವವರೇ ಇರಲಿಲ್ಲ. ಹೀಗಿರಲು 1848ರ ಸುಮಾರಿಗೆ, ಒಳನಾಡಿನ ಹಳ್ಳಿಯಲ್ಲಿ ಎಂದೂ ಸೋಲದ ಒಬ್ಬ ಬ್ರಾಹ್ಮಣ ಆಟಗಾರನಿದ್ದಾನೆಂಬ ಸುದ್ದಿ ಚದುರಂಗಪ್ರಿಯರ ಕಿವಿಗೆ ಬಿತ್ತು. ಅವರೇ ಮಹೇಶಚಂದ್ರ ಬಂದ್ಯೋಪಾಧ್ಯಾಯ, ಅಂದರೆ ಮಹೇಶಚಂದ್ರ ಬ್ಯಾನರ್ಜಿ. ಮಹೇಶಚಂದ್ರರು ಕಲಕತ್ತೆಗೆ ಬಂದು ಇಂಗ್ಲಿಷ್ ನಿಯಮಗಳನ್ನು ಕಲಿತು ಕಾಕ್ರೇನರೆದುರು ಕುಳಿತರು. ಮುಂದಿನ ವರ್ಷಗಳಲ್ಲಿ ಇಬ್ಬರೂ ನೂರಾರು ಆಟಗಳನ್ನಾಡಿದರು. ಕಾಕ್ರೇನರು ಆ ನಡೆಗಳನ್ನು ಬರೆದಿಟ್ಟುದರಿಂದ, ಅನೇಕ ಆಟಗಳು ಇಂದಿಗೂ ನಮಗೆ ಲಭ್ಯವಾಗಿವೆ. ಬರೆದಿಡುವ ಅಭ್ಯಾಸದ ಬೆಲೆ ಇದು. ನಮ್ಮ ಊರ ಕಟ್ಟೆಗಳ ಮೇಲೆ ಇದಕ್ಕಿಂತ ಸೊಗಸಾದ ಆಟಗಳು ನಡೆದಿದ್ದರೂ ನಡೆದಿರಬಹುದು. ಯಾರೂ ಬರೆಯಲಿಲ್ಲ, ಹೋದವು.

ಆ ಕಾಲದಲ್ಲಿ ಚದುರಂಗದ ಹುಚ್ಚು ಬಂಗಾಳಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ಇಳಿಸಿ ಸುತ್ತಾಡಿಸುವ ಬಂಧಗಳನ್ನು ರಚಿಸಿ ಪ್ರಸಿದ್ಧರಾಗಿದ್ದರು. ಸತ್ಯಜಿತ್ ರಾಯ್ ಅವರು 1977ರಲ್ಲಿ ತೆಗೆದ ‘ಶತರಂಜ್ ಕೆ ಖಿಲಾಡಿ’ ಚಿತ್ರದ ಕಥೆ 1856ರ ಲಖನೌದಲ್ಲಿ ನಡೆಯುತ್ತದೆ. ಅದರಲ್ಲಿ ಅತಿಥಿಯೊಬ್ಬರು ಇಬ್ಬರು ಜಮೀನುದಾರರಿಗೆ ಇಂಗ್ಲಿಷರ ಆಟದ ನಿಯಮ ಹೇಗೆ ಬೇರೆಯೆಂದು ವಿವರಿಸುವ ದೃಶ್ಯವಿದೆ. ನಾವು ನೋಡಲಿರುವ ಆಟ ಅದಕ್ಕೆ ಒಂದು ವರ್ಷ ಹಿಂದಿನದು.

1855ರಲ್ಲಿ ಕಲಕತ್ತೆಯಲ್ಲಿ ನಡೆದ ಈ ಆಟದಲ್ಲಿ ಬಿಳಿ ಕಾಯಿಗಳು ಕಾಕ್ರೇನರವು, ಕಪ್ಪು ಕಾಯಿಗಳು ಮಹೇಶಚಂದ್ರರವು. ಬರೆಯುವ ಕ್ರಮ ಹೀಗೆ: ಬಿಳಿಯವನ ಎಡಗೈಯಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಎಂಟು ಕಂಬಸಾಲುಗಳು, ಬಿಳಿಯವನ ಕಡೆಯಿಂದ 1ರಿಂದ 8ರವರೆಗೆ ಅಡ್ಡಸಾಲುಗಳು. ಕು ಎಂದರೆ ಕುದುರೆ, ಒಂ ಎಂದರೆ ಒಂಟೆ, ಆ ಎಂದರೆ ಆನೆ, ಮಂ ಎಂದರೆ ಮಂತ್ರಿ, ರಾ ಎಂದರೆ ರಾಜ. ಬರಿಯ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ. × ಎಂದರೆ ಹೊಡೆತ, + ಎಂದರೆ ಶಹ, 0-0 ಎಂದರೆ ರಾಜನ ಬದಿಗೆ ಕೋಟೆ.

1. ಡಿ4 ಕು-ಎಫ್6 2. ಸಿ4 ಜಿ6 3. ಕು-ಸಿ3 ಡಿ5 4. ಇ3 ಒಂ-ಜಿ7 5. ಕು-ಎಫ್3 0-0

ಬಿಳಿ ಎರಡು ಕಾಲಾಳುಗಳನ್ನು ಎರಡೆರಡು ಮನೆ ಮುಂದೊತ್ತಿ ಮಣೆಯ ನಡುವನ್ನು ಹಿಡಿಯಹೊರಟಿದೆ. ಅಂದಿನ ಯುರೋಪಿನ ವಾಡಿಕೆಯಂತೆ ಕಪ್ಪು ಕೂಡ ಕೂಡಲೇ ಡಿ5 ಎಂದು ಕಾಲಾಳನ್ನು ದೂಡಿ ಅಡ್ಡ ನಿಲ್ಲಬೇಕಿತ್ತು. ಮಹೇಶಚಂದ್ರರು ಹಾಗೆ ಮಾಡದೆ ಮೊದಲು ಕುದುರೆಯನ್ನು ಹೊರತಂದರು, ಜಿ ಸಾಲಿನ ಕಾಲಾಳನ್ನು ಒಂದೇ ಮನೆ ನಡೆಸಿ ಅದರ ಹಿಂದೆ ಜಿ7ರಲ್ಲಿ ಒಂಟೆಯನ್ನು ಕೂರಿಸಿದರು, ಕೋಟೆ ಕಟ್ಟಿದರು. ಆ ಒಂಟೆಯನ್ನು ಗಮನಿಸಿರಿ. ಮೂಲೆಯಲ್ಲಿ ಸುಮ್ಮನೆ ಕುಳಿತಂತೆ ಕಂಡರೂ ಅದರ ದೃಷ್ಟಿ ಎಫ್6, ಇ5, ಡಿ4 ಮನೆಗಳನ್ನು ದಾಟಿ ಎ1ರ ಮೂಲೆಯವರೆಗೆ ಓಡುತ್ತದೆ. ಬಾವಿಯ ಕಟ್ಟೆಯ ಮೇಲೆ ಕುಳಿತು ಊರ ಅಗಸಿಯನ್ನೆಲ್ಲ ಕಾಯುವ ಹಿರಿಯರಂತೆ.

ಇದೇ ಭಾರತೀಯ ರಕ್ಷಣೆಯ ತಿರುಳು. ನಡುವಿನ ನಾಲ್ಕು ಮನೆಗಳನ್ನು ಎದುರಾಳಿ ಕಾಲಾಳುಗಳಿಂದ ತುಂಬಿಕೊಳ್ಳಲಿ. ನಾವು ದೂರದಿಂದ ಕುದುರೆ, ಒಂಟೆಗಳಿಂದ ಆ ಮನೆಗಳಿಗೆ ಗುರಿ ಹಿಡಿಯೋಣ. ಸಮಯ ಬಂದಾಗ ಒಂದು ಕಾಲಾಳನ್ನು ನೂಕಿ ಆ ಗೋಡೆಯನ್ನು ಕೆಡವೋಣ. ರಕ್ಷಣೆ ಎಂಬ ಹೆಸರಿದ್ದರೂ ಇದು ಹೆದರಿ ಕೂರುವ ಆಟವಲ್ಲ. ಇನ್ನೊಂದು ಮಾತು: ಮೂರನೆಯ ನಡೆಯಲ್ಲಿ ಮಹೇಶಚಂದ್ರರು ಡಿ ಕಾಲಾಳನ್ನು ಎರಡು ಮನೆ ನಡೆಸಿದ್ದಾರೆ. ಹಳೆಯ ಆಟದ ತಾಳ್ಮೆ, ಹೊಸ ಆಟದ ಚುರುಕು ಎರಡನ್ನೂ ಅವರು ಒಂದೇ ವ್ಯೂಹದಲ್ಲಿ ಹೊಂದಿಸಿದರು. ಈ ಆಟದ ಹೆಚ್ಚುಗಾರಿಕೆ ಇಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

6. ಸಿ×ಡಿ5 ಕು×ಡಿ5 7. ಒಂ-ಇ2 ಕು×ಸಿ3 8. ಬಿ×ಸಿ3 ಸಿ5 9. 0-0 ಸಿ×ಡಿ4 10. ಸಿ×ಡಿ4 ಕು-ಸಿ6

ಬಿಳಿಗೆ ನಡುವಿನಲ್ಲಿ ಗಟ್ಟಿಯಾದ ಕಾಲಾಳುಗಳಿವೆ. ಆದರೆ ಎಂಟನೆಯ ನಡೆಯಲ್ಲಿ ಕಪ್ಪು ಸಿ5 ಎಂದು ಅದರ ಬುಡಕ್ಕೇ ಕೈ ಹಾಕಿತು. ಇಂದಿನ ಪುಸ್ತಕಗಳೂ ಇದನ್ನೇ ಕಲಿಸುತ್ತವೆ. ಡಿ4ರ ಕಾಲಾಳಿನ ಮೇಲೆ ಜಿ7ರ ಒಂಟೆಯದೂ ಸಿ6ರ ಕುದುರೆಯದೂ ಕಣ್ಣಿದೆ. ಮಂತ್ರಿಯ ದೃಷ್ಟಿಯೂ ಡಿ ಸಾಲಿನಲ್ಲಿ ಅದರ ಮೇಲೆಯೇ. ಇಲ್ಲಿಯವರೆಗೆ ಕಪ್ಪಿನ ಆಟಕ್ಕೆ ಹೆಸರಿಡುವಂತಿಲ್ಲ.

11. ಒಂ-ಬಿ2 ಒಂ-ಜಿ4 12. ಆ-ಸಿ1 ಆ-ಸಿ8 13. ಒಂ-ಎ3 ಮಂ-ಎ5 14. ಮಂ-ಬಿ3 ಆ(ಎಫ್)-ಇ8 15. ಆ-ಸಿ5 ಮಂ-ಬಿ6 16. ಆ-ಬಿ5 ಮಂ-ಡಿ8

ಇಲ್ಲಿ ಆಟ ವಾಲಿತು. ಕಪ್ಪು ಮಂತ್ರಿ ಎ5ಕ್ಕೆ ಹೋಗಿ, ಬಿ6ಕ್ಕೆ ಸರಿದು, ಮತ್ತೆ ತನ್ನ ಮನೆ ಡಿ8ಕ್ಕೇ ಬಂದು ನಿಂತಿತು. ಮೂರು ನಡೆ ವ್ಯರ್ಥ. ಅಷ್ಟರಲ್ಲಿ ಬಿಳಿ ಮಂತ್ರಿ ಬಿ3ರಲ್ಲಿ ನಿಂತು ಸಿ4, ಡಿ5, ಇ6 ದಾಟಿ ಎಫ್7ರ ಕಾಲಾಳಿನ ಮೇಲೆ ಗುರಿ ಹಿಡಿಯಿತು. ಎಫ್7 ಎಂಬುದು ಕಪ್ಪು ರಾಜನ ಹೊಸ್ತಿಲು. ಅದನ್ನು ಎಫ್8ರ ಆನೆ ಕಾಯುತ್ತಿತ್ತು. 14ನೆಯ ನಡೆಯಲ್ಲಿ ಇ7ರ ಕಾಲಾಳನ್ನು ಉಳಿಸಲೆಂದು ಆ ಆನೆ ಇ8ಕ್ಕೆ ಸರಿಯಿತು. ಹಿತ್ತಲ ಬಾಗಿಲಿಗೆ ಕಾವಲು ಹಾಕಲು ಹೋಗಿ ತಲೆಬಾಗಿಲನ್ನು ಬಿಟ್ಟಂತಾಯಿತು. ಎಫ್7ಕ್ಕೆ ಈಗ ರಾಜನೊಬ್ಬನೇ ಕಾವಲು.

17. ಕು-ಜಿ5 ಒಂ×ಇ2 18. ಕು×ಎಫ್7 ಕು-ಎ5

ಬಿಳಿ ಕುದುರೆ ಜಿ5ಕ್ಕೆ ಜಿಗಿದೊಡನೆ ಎರಡು ಕೆಲಸ ಆದವು. ಎಫ್7ರ ಮೇಲೆ ಎರಡನೆಯ ಏಟು ಬಿತ್ತು. ಎಫ್3 ತೆರವಾದುದರಿಂದ ಇ2ರ ಬಿಳಿ ಒಂಟೆಯೂ ಜಿ4ರ ಕಪ್ಪು ಒಂಟೆಯೂ ಎದುರುಬದುರಾದವು. ಕಪ್ಪು ಒಂಟೆ ಆಸೆಪಟ್ಟು ಇ2ರ ಒಂಟೆಯನ್ನು ಹೊಡೆಯಿತು. ಬಿಳಿ ಅತ್ತ ತಿರುಗಿಯೂ ನೋಡದೆ ಕುದುರೆಯನ್ನು ಎಫ್7ರೊಳಗೆ ನುಗ್ಗಿಸಿತು. ಬಿ3ರ ಮಂತ್ರಿಯ ಬೆಂಬಲ ಇರುವುದರಿಂದ ರಾಜನು ಆ ಕುದುರೆಯನ್ನು ಮುಟ್ಟುವಂತಿಲ್ಲ. ಮಹೇಶಚಂದ್ರರು ಕುದುರೆಯನ್ನು ಎ5ಕ್ಕೆ ತಂದು ಬಿಳಿ ಮಂತ್ರಿಯನ್ನು ಹೆದರಿಸಿದರು. ಆದರೆ ಮಂತ್ರಿ ಓಡಬೇಕಾಗಿಯೇ ಇರಲಿಲ್ಲ. ಇಲ್ಲಿಂದ ಮೂರು ನಡೆಗಳಲ್ಲಿ ಮಾತ್.

19. ಕು-ಎಚ್6+ ರಾ-ಎಚ್8 20. ಮಂ-ಜಿ8+ ಆ×ಜಿ8 21. ಕು-ಎಫ್7 ಮಾತ್

19ನೆಯ ನಡೆಯನ್ನು ಮಣೆಯ ಮೇಲೆ ನಿಧಾನವಾಗಿ ನೋಡಿರಿ. ಕುದುರೆ ಎಚ್6ಕ್ಕೆ ಹೋಗಿ ತಾನೂ ಶಹ ಕೊಡುತ್ತದೆ. ಅದು ಬಿಟ್ಟ ದಾರಿಯಲ್ಲಿ ಹಿಂದಿನ ಮಂತ್ರಿಯೂ ಶಹ ಕೊಡುತ್ತದೆ. ಇದು ಜೋಡಿ ಶಹ. ಒಂದನ್ನು ಹೊಡೆದರೆ ಇನ್ನೊಂದು ಉಳಿಯುವುದರಿಂದ ರಾಜನು ಕದಲಲೇಬೇಕು. ಎಫ್8ಕ್ಕೆ ಹೋದರೆ ಮಂತ್ರಿ ಎಫ್7ಕ್ಕೆ ಬಂದು ಅಲ್ಲೇ ಮಾತ್. ಎಚ್8ಕ್ಕೆ ಹೋದರೆ ಬಿಳಿಯು ತನ್ನ ಮಂತ್ರಿಯನ್ನೇ ಜಿ8ರಲ್ಲಿ ಬಲಿ ಕೊಡುತ್ತದೆ. ಎಚ್6ರ ಕುದುರೆಯ ಭಯದಿಂದ ರಾಜನು ಹೊಡೆಯಲಾರ, ಆನೆಯೇ ಹೊಡೆಯಬೇಕು. ಆನೆ ಜಿ8ಕ್ಕೆ ಬಂದೊಡನೆ ರಾಜನ ಸುತ್ತ ಅವನದೇ ಆನೆ, ಒಂಟೆ, ಕಾಲಾಳು. ಉಸಿರಾಡಲು ಒಂದು ಮನೆಯೂ ಇಲ್ಲ. ಕುದುರೆ ಮರಳಿ ಎಫ್7ಕ್ಕೆ ಬಂತು, ಆಟ ಮುಗಿಯಿತು. ಜಾತ್ರೆಯ ಗದ್ದಲದಲ್ಲಿ ತನ್ನವರ ನಡುವೆಯೇ ಸಿಕ್ಕಿಕೊಂಡವನ ಪಾಡು ಆ ರಾಜನದು.

ಹಾಗಾದರೆ ಸೋತ ಆಟವನ್ನು ಇಷ್ಟು ದೊಡ್ಡದು ಮಾಡುವುದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆಟ ಸೋತದ್ದು ಹದಿನಾಲ್ಕನೆಯ ನಡೆಯ ನಂತರ. ಮೊದಲ ಎಂಟು ನಡೆಗಳಲ್ಲಿ ಮಹೇಶಚಂದ್ರರು ಹೂಡಿದ ವ್ಯೂಹಕ್ಕೆ ಯಾವ ಊನವೂ ಇರಲಿಲ್ಲ. ಅದೇ ವ್ಯೂಹವನ್ನು 67 ವರ್ಷಗಳ ನಂತರ, 1922ರಲ್ಲಿ, ವಿಯೆನ್ನಾ ನಗರದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಎಂಬ ಆಟಗಾರರು ದೊಡ್ಡ ಪಂದ್ಯಗಳಲ್ಲಿ ಆಡಿದರು. ಮುಂದೆ ವಿಶ್ವವಿಜೇತರಾದ ಅಲೆಖಿನರನ್ನೇ ಸೋಲಿಸಿದರು. ಅಂದಿನಿಂದ ಅದಕ್ಕೆ ‘ಗ್ರುನ್‌ಫೆಲ್ಡ್ ರಕ್ಷಣೆ’ ಎಂದೇ ಹೆಸರು. ಮೊದಲ ನಡೆಯಲ್ಲಿ ಎಫ್6ಕ್ಕೆ ಕುದುರೆ ತಂದು ಕಾದು ನೋಡುವ ಇಡೀ ಬಳಗಕ್ಕೆ ಮಾತ್ರ ‘ಭಾರತೀಯ ರಕ್ಷಣೆಗಳು’ ಎಂಬ ಹೆಸರು ಉಳಿದಿದೆ: ರಾಜನ ಭಾರತೀಯ ರಕ್ಷಣೆ, ಮಂತ್ರಿಯ ಭಾರತೀಯ ರಕ್ಷಣೆ, ನಿಮ್ಜೊ-ಭಾರತೀಯ ರಕ್ಷಣೆ ಇತ್ಯಾದಿ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಹೆಸರು ಬಳಕೆಗೆ ಬಂದದ್ದು ಮಹೇಶಚಂದ್ರರ ಆಟಗಳಿಂದಲೇ. ದೇಶದ ಹೆಸರು ಉಳಿಯಿತು, ಮನುಷ್ಯನ ಹೆಸರು ಜಾರಿತು. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಈ ರಕ್ಷಣೆಯ ಮುಂದಿನ ಇತಿಹಾಸದಲ್ಲಿ ಮಕ್ಕಳಿಗೆ ಇಷ್ಟವಾಗುವ ಒಂದು ಸಂಗತಿಯಿದೆ. 1956ರಲ್ಲಿ ನ್ಯೂಯಾರ್ಕಿನಲ್ಲಿ ಬಾಬಿ ಫಿಶರ್ ಎಂಬ 13 ವರ್ಷದ ಬಾಲಕ ಡೊನಾಲ್ಡ್ ಬರ್ನ್ ಎಂಬ ಹಿರಿಯ ಆಟಗಾರರನ್ನು ಕಪ್ಪು ಕಾಯಿಗಳಿಂದ, ತನ್ನ ಮಂತ್ರಿಯನ್ನೇ ಬಿಟ್ಟುಕೊಟ್ಟು ಗೆದ್ದ. ‘ಶತಮಾನದ ಆಟ’ ಎಂದು ಹೆಸರಾದ ಆ ಆಟವೂ ಗ್ರುನ್‌ಫೆಲ್ಡ್ ರಕ್ಷಣೆಯದೇ. 13 ವರ್ಷವೆಂದರೆ ನಮ್ಮಲ್ಲಿ ಎಂಟನೆಯ ತರಗತಿ.

ಹಳೆಯ ನಿಯಮದಲ್ಲಿ ಬೆಳೆದು ಹೊಸ ನಿಯಮದಲ್ಲಿ ಮೆರೆದ ಇನ್ನೊಬ್ಬರೆಂದರೆ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಒಡೆಯರ ಜೊತೆ 1929ರಲ್ಲಿ ಇಂಗ್ಲೆಂಡಿಗೆ ಹೋದ ಇವರು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಮಾಜಿ ವಿಶ್ವವಿಜೇತ ಕಾಪಬ್ಲಾಂಕರನ್ನೂ ಸೋಲಿಸಿದರು. ಆರಂಭದ ನಡೆಗಳಲ್ಲಿ ಮಾತ್ರ ಅವರಿಗೆ ಸದಾ ತೊಡಕು. ಚಿಕ್ಕಂದಿನಲ್ಲಿ ಆಡಿದ್ದು ಒಂದು ಮನೆಯ ಕಾಲಾಳಿನ ಆಟವಲ್ಲವೆ! ಅವರು ತೀರಿಕೊಂಡದ್ದು 1966ರಲ್ಲಿ. ವಿಶ್ವ ಚದುರಂಗ ಸಂಸ್ಥೆ ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ.

ಪಾಲಕರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಪಂದ್ಯಕ್ಕೆ ಹೋಗುವ ಮಗುವಿಗೆ ಪಂದ್ಯದ ನಿಯಮ ಚೆನ್ನಾಗಿ ಗೊತ್ತಿರಬೇಕು. ರಾಜನನ್ನು ಕುದುರೆಯಂತೆ ಜಿಗಿಸಿದರೆ ತೀರ್ಪುಗಾರರು ಒಪ್ಪುವುದಿಲ್ಲ. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಬೇಕಾದ ಕಾಯಿ ತೆಗೆದುಕೊಳ್ಳಬಹುದು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಮನೆಯಲ್ಲಿ ಹಿರಿಯರೊಡನೆ ಆಡುವಾಗ ಹಳೆಯ ನಿಯಮದಿಂದ ಆಡಲಿ. ಆಟ ಆರಂಭಿಸುವ ಮೊದಲೇ ಯಾವ ನಿಯಮವೆಂದು ಕೇಳಿಕೊಂಡರೆ ಮಣೆ ಮಗುಚುವ ಪ್ರಸಂಗ ಬರುವುದಿಲ್ಲ. ಹಳೆಯ ಆಟದಿಂದ ಸಿಗುವ ತಾಳ್ಮೆ ಹೊಸ ಆಟದಲ್ಲಿ ವ್ಯರ್ಥವಾಗದೆಂಬುದಕ್ಕೆ ಮೇಲಿನ ಮೊದಲ ಐದು ನಡೆಗಳೇ ಸಾಕ್ಷಿ.

ನಮ್ಮಿಂದ ಸುಮಾರು ನೂರು ಕಿಲೋಮೀಟರ್ ದೂರದ ಹೈದರಾಬಾದಿನಲ್ಲಿ 2002ರಲ್ಲಿ ವಿಶ್ವಕಪ್ ಪಂದ್ಯಾವಳಿ ನಡೆದಾಗ ಗೆದ್ದವರು ವಿಶ್ವನಾಥನ್ ಆನಂದ್. ಅದೇ ಆನಂದ್ 2010ರ ಏಪ್ರಿಲ್‌ನಲ್ಲಿ ಬಲ್ಗೇರಿಯದ ಸೋಫಿಯಾ ನಗರದಲ್ಲಿ ವಿಶ್ವವಿಜೇತ ಪದವಿಯನ್ನು ಉಳಿಸಿಕೊಳ್ಳಲು ತೊಪಲೋವರೆದುರು ಕುಳಿತಾಗ, ಮೊದಲ ಆಟದಲ್ಲಿಯೇ ಕಪ್ಪು ಕಾಯಿಗಳಿಂದ ಗ್ರುನ್‌ಫೆಲ್ಡ್ ರಕ್ಷಣೆ ಹೂಡಿದರು. 30 ನಡೆಗಳಲ್ಲಿ ಸೋತರು. ಅಲ್ಲಿಯೂ ರಾಜನ ಹೊಸ್ತಿಲಲ್ಲಿ ಬಿಳಿ ಕುದುರೆಯ ಬಲಿಯೇ ಆಟವನ್ನು ಮುರಿಯಿತು. ಆನಂದ್ ಆ ರಕ್ಷಣೆಯನ್ನು ಕೈಬಿಡಲಿಲ್ಲ. ಹತ್ತನೆಯ ಆಟದಲ್ಲಿ ಮತ್ತೆ ಅದನ್ನೇ ಆಡಿ ಸಮ ಮಾಡಿಕೊಂಡರು. ಹನ್ನೆರಡನೆಯ ಹಾಗೂ ಕೊನೆಯ ಆಟದಲ್ಲಿ, ಬೇರೊಂದು ರಕ್ಷಣೆಯಿಂದ, ಕಪ್ಪು ಕಾಯಿಗಳಲ್ಲಿಯೇ ಗೆದ್ದು 6½–5½ರಿಂದ ಪದವಿಯನ್ನು ಉಳಿಸಿಕೊಂಡರು.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಲೆಕ್ಕ. 1855ರ ಆಟವನ್ನು 17ನೆಯ ನಡೆಯವರೆಗೆ, ಅಂದರೆ ಬಿಳಿ ಕುದುರೆ ಜಿ5ಕ್ಕೆ ಬಂದು ನಿಲ್ಲುವವರೆಗೆ ಮಣೆಯ ಮೇಲೆ ಹೂಡಿರಿ. ಕಪ್ಪು ಒಂಟೆ ಇ2ರಲ್ಲಿ ಹೊಡೆಯುವುದರ ಬದಲು ಜಿ4ರಿಂದ ಇ6ಕ್ಕೆ ಹಿಂತಿರುಗಿ ಮಂತ್ರಿಯ ದಾರಿಗೆ ಅಡ್ಡ ನಿಂತಿದ್ದರೆ? ಜೋಡಿ ಶಹದ ಮಾತ್ ತಪ್ಪುತ್ತದೆ. ಆದರೆ ಬಿಳಿ ಡಿ4ರ ಕಾಲಾಳನ್ನು ಡಿ5ಕ್ಕೆ ನೂಕಿದರೆ ಒಂಟೆಯೂ ಕುದುರೆಯೂ ಒಟ್ಟಿಗೆ ಏಟಿಗೆ ಸಿಗುತ್ತವೆ. ಆಗ ಕಪ್ಪು ಏನು ಮಾಡಬೇಕು?